ಗೆಳೆಯರ ಕ್ಲಬ್ಬಿಗೆ ಬಂದ ಪಾಲುದಾರ

ಜಯಮಾಲಾ ಅಧ್ಯಕ್ಷೆಯಾದಾಗ ಇಂಡಿ ಊರಿನ ಗೆಳೆಯರ ಫುಟ್‌ಬಾಲ್ ಕ್ಲಬ್ಬಿಗೆ ಆಟಗಾರರ ಕೊರತೆ ಇರಲಿಲ್ಲ. ಉಳಿದ ಎಲ್ಲದರ ಕೊರತೆ ಇತ್ತು. ಸದಸ್ಯರ ವಂತಿಗೆಯಲ್ಲಿ ಚೆಂಡು ಬರುತ್ತಿತ್ತು, ಬೂಟು ಬರುತ್ತಿರಲಿಲ್ಲ. ಲೀಗ್ ಆಡಬೇಕೆಂದರೆ ಕೋಚ್ ಬೇಕು, ಓಡಾಡಲು ಗಾಡಿ ಬೇಕು. ಕಡೆಗೆ ಅವಳೇ ಸಿಂದಗಿಗೆ ಹೋಗಿ, ದ್ರಾಕ್ಷಿ ಬೆಳೆದು ಮಾರಿ ಮೇಲೆ ಬಂದಿದ್ದ ಸೋಮನಿಂಗನನ್ನು ಕಂಡು, ಕ್ಲಬ್ಬಿನಲ್ಲಿ ಬಂಡವಾಳ ಹಾಕಿರೆಂದು ಕೇಳಿದಳು.

ಸೋಮನಿಂಗ ಒಪ್ಪಿದ. ಆದರೆ ಕ್ಲಬ್ಬಿಗೆ ತನ್ನ ಕಂಪನಿಯ ಹೆಸರಿಡಬೇಕು, ಹುಡುಗಿಯರ ತಂಡ ಮುಚ್ಚಬೇಕು ಎಂದ.

"ಹುಡುಗ್ಯಾರ ಆಟ ನೋಡಾಕ ಯಾರ್ ಬರ್ತಾರ್ರಿ ಅಕ್ಕಾರ?"

ಮನೆಮನೆಗೆ ಅಲೆದು, ತಾಯಂದಿರನ್ನು ಒಪ್ಪಿಸಿ ಆ ತಂಡ ಕಟ್ಟಿದವಳೇ ಜಯಮಾಲಾ. ಉಕ್ಕಿ ಬಂದ ಸಿಟ್ಟನ್ನು ನುಂಗಿಕೊಂಡಳು. "ಈ ಮಾತು ನನ್ನ ಮುಂದ ಬ್ಯಾಡ್ರಿ. ನಮ್ಮ ಸದಸ್ಯರ ಮುಂದ ಬಂದು ಹೇಳ್ರಿ."

ರವಿವಾರ ಅವನು ಬಂದೇ ಬಂದ. ಮೈದಾನದ ಬೇವಿನ ನೆರಳಲ್ಲಿ ಸದಸ್ಯರು ಕೂತಿದ್ದರು. ಕ್ಲಬ್ ಹುಟ್ಟುಹಾಕಿದ ಹಳೆಯ ಗೋಲ್‌ಕೀಪರ್ ಕಾಸಿಂಸಾಬ ಮೊದಲೇ ಕುದಿಯುತ್ತಿದ್ದ.

"ಕಲ್ಲು ಆರಿಸಿ ಆರಿಸಿ ಮಾಡಿದ ಮೈದಾನ ಇದು. ಮಾರಾಕ ಹೊಂಟೀಯೇನವಾ?"

"ಮಾರೂದಿಲ್ರಿ ಕಾಕಾ," ಜಯಮಾಲಾ ಎದ್ದು ನಿಂತಳು. "ಮೈದಾನ ಸದಸ್ಯರದು, ಹೆಸರು ಊರಿಂದು. ಆಟಗಾರರ ಅಂಗಿ ಮ್ಯಾಲ ಇವರ ಕಂಪನಿ ಹೆಸರು ಇರಲಿ. ಲಾಭದಾಗ ಪಾಲು ಕೊಡೂಣು, ಕಮಿಟಿಯೊಳಗ ಜಾಗ ಕೊಡೂಣು. ಆದರ ಹುಡುಗ್ಯಾರು ಆಡ್ತಾರ. ಅದಕ್ಕ ಒಪ್ಪದಿದ್ರ ಈ ಕರಾರೂ ಬ್ಯಾಡ."

ಕಾಸಿಂಸಾಬ ಮೆಲ್ಲಗೆ ಸೋಮನಿಂಗನತ್ತ ತಿರುಗಿದ. "ನಾವು ಸೋತ ದಿನಾನೂ ಬರ್ತೀರೇನ್ರಿ?"

ವ್ಯಾಪಾರದಲ್ಲಿ ಯಾರೂ ಕೇಳದ ಪ್ರಶ್ನೆ. ಸೋಮನಿಂಗ ತಲೆ ಕೆರೆದುಕೊಂಡ. "ಆಣಿಕಲ್ಲು ಮಳಿ ಬಿದ್ದು ಬೆಳಿ ಹಾಳಾದಾಗೂ ನಾ ತ್ವಾಟ ಬಿಟ್ಟು ಓಡಿಲ್ರಿ ಕಾಕಾ. ಬರ್ತೇನಿ. ಹುಡುಗ್ಯಾರೂ ಆಡ್ಲಿ, ನೋಡೂಣು."

ಎಲ್ಲರಿಗಿಂತ ಮೊದಲು ಒಪ್ಪಿಗೆಯ ಕೈ ಎತ್ತಿದವನು ಕಾಸಿಂಸಾಬ. ಹಿಂದೆಯೇ ಮೈದಾನದ ತುಂಬ ಕೈಗಳೆದ್ದವು.

ಕೋಚ್ ಬಂದ, ಬೂಟು ಬಂದವು, ಟೆಂಪೊ ಬಂತು. ಹುಡುಗರು ಬಸವನ ಬಾಗೇವಾಡಿಯಲ್ಲಿ ಹೀನಾಯವಾಗಿ ಸೋತರು. ಸೋಮನಿಂಗ ಕಡೆಯ ಸೀಟಿಯವರೆಗೂ ಕೂತು ನೋಡಿದ. ಹುಡುಗಿಯರು ಮಾತ್ರ ಗೆಲ್ಲುತ್ತ ಗೆಲ್ಲುತ್ತ ಫೈನಲ್ ಮುಟ್ಟಿದರು.

ಫೈನಲ್ ಮುದ್ದೇಬಿಹಾಳದಲ್ಲಿ, ಅಲ್ಲಿಯ ತಂಡದ ವಿರುದ್ಧವೇ. ಜನ ಗೋಡೆಯ ಮೇಲೂ ಹತ್ತಿ ಕೂತಿದ್ದರು. ಆಟ ಸಮಸಮವಾಗಿ ಮುಗಿಯುತ್ತ ಬಂದಾಗ, ಇಂಡಿ ತಂಡದ ಕೌಸರ ಇಬ್ಬರನ್ನು ದಾಟಿ ಎಡಗಾಲಿನಿಂದ ಬೀಸಿ ಒದ್ದಳು. ಬಲೆ ಅದುರಿತು.

ಸೋಮನಿಂಗ ಚಪ್ಪಲಿ ಎಲ್ಲಿ ಬಿತ್ತೆಂದೂ ನೋಡದೆ ಮೈದಾನಕ್ಕೆ ನುಗ್ಗಿದ. "ನಮ್ಮ ಹುಡುಗ್ಯಾರು! ನಮ್ಮ ಹುಡುಗ್ಯಾರು!" ಎಂದು ಕಂಡಕಂಡವರನ್ನೆಲ್ಲ ತಬ್ಬಿಕೊಂಡ.

ಸಂಜೆ ಟೆಂಪೊ ಇಂಡಿ ಬಸ್‌ಸ್ಟ್ಯಾಂಡಿಗೆ ಬಂದಾಗ ಊರೇ ಹಲಗೆ ಬಾರಿಸುತ್ತ ಕಾದಿತ್ತು. ಕೌಸರ ಅಧ್ಯಕ್ಷೆಯ ಕೈ ಹಿಡಿದು ಕೆಳಗೆಳೆದಳು. ಜಯಮಾಲಾ ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿ, ನಡುಬೀದಿಯಲ್ಲಿ, ಎಲ್ಲರೆದುರು ಕುಣಿದಳು.