ಒಳಗಿನವರ ಸರದಿ

“ಹೆತ್ತೋಳು ನಿನ್ ಮಗಳು. ಅದ್ಕೆ ನನ್ ಮನೆ ಯಾಕ್ ನಾರ್ಬೇಕು, ಯೋಳು ನೋಡನ?”

ಬಚ್ಚಲುಮನೆಯ ಬಾಗಿಲಿಗೆ ಒರಗಿ ನಿಂತು ಮನೆಯ ಒಡೆಯ ದೋನ್ ಎವೆರಾರ್ದೊ ಕೇಳಿದ. ಮಂಡಿಯೂರಿ ನೆಲ ಉಜ್ಜುತ್ತಿದ್ದ ಒಬ್ದುಲಿಯಾ ಉಜ್ಜುತ್ತಲೇ ಇದ್ದಳು. ಅವಳೇನು ಬಂಗಲೆ ಕೇಳಿರಲಿಲ್ಲ, ಹಿತ್ತಲಿನ ಸಾಮಾನು ಕೋಣೆ ಕೇಳಿದ್ದಳು. ಮಗಳು ನೊಯೆಮಿ ಹಸೀ ಬಾಣಂತಿ. ಹಳ್ಳದ ದಂಡೆಯಲ್ಲಿ ಟಾರ್ಪಾಲಿನ ಕೆಳಗೆ ಹೆತ್ತು ಮಲಗಿದ್ದಾಳೆ. ಕಡಲ ಗಾಳಿ ನುಗ್ಗಿ ನುಗ್ಗಿ ಅವಳಿಗೆ ಜ್ವರ ಹತ್ತಿದೆ, ಕೂಸಿಗೆ ಎದೆ ಕಟ್ಟಿ ಗೊರಗೊರ ಅನ್ನುತ್ತಿದೆ. ಬಾಣಂತಿಗೆ ನಲವತ್ತು ದಿನ ಗಾಳಿ ಸೋಕಕೂಡದು, ಬಾಗಿಲಿರುವ ಒಂದು ಗೂಡು ಕೊಟ್ಟರೆ ಸಾಕು, ಬೇಕಾದರೆ ರಾತ್ರಿಯೂ ಬಂದು ಪಾತ್ರೆ ತೊಳೆಯುತ್ತೇನೆ ಎಂದು ಬೇಡಿಕೊಂಡಿದ್ದಳು.

“ಆ ಕೋಣೇಲಿ ಬಾಡ್ಗೆ ಸಾಹೇಬ್ರು ದೋಣಿ ಮಡಗವ್ರೆ,” ಅಂದ ಎವೆರಾರ್ದೊ. “ಬಿಸ್ಲಿಗಿಟ್ರೆ ಬಣ್ಣ ವೋಯ್ತದೆ. ನಿಮ್ಗೆಲ್ಲ ಗಾಳಿ ಮಳೆ ಅಭ್ಯಾಸ ಆಗದೆ ಬುಡು. ನಿಮ್ಮವ್ವ ನಿನ್ನ ಹೆತ್ತಿದ್ದೂ ಮರಳ್ಮೇಲೇ ಅಲ್ವ? ಆ ಮೂಲೆ ಸರ್ಯಾಗುಜ್ಜು.”

ದೋಣಿಗೆ ಸೂರು, ಕೂಸಿಗೆ ಬಯಲು. ಇವನ ಬಾಯಿಗೆ ಮಣ್ಣು ಬೀಳ ಎಂದು ಒಬ್ದುಲಿಯಾ ಮನಸ್ಸಿನಲ್ಲೇ ಶಪಿಸಿ ಆ ಮೂಲೆಯನ್ನೂ ಉಜ್ಜಿದಳು.

ಹಾಗೆ ನೋಡಿದರೆ ಅರ್ಧ ವರ್ಷ ಆ ಮನೆಯಲ್ಲಿ ಸಂಸಾರ ಮಾಡಿದವಳು ಅವಳೇ. ಸೆಖೆಗೆ ಗೋಡೆ ಬೆವರುವ, ಬಿರುಗಾಳಿಗೆ ಹೆಂಚು ಹಾರುವ, ಹಾಸಿಗೆಯವರೆಗೂ ಏಡಿಗಳು ನುಗ್ಗಿ ಬರುವ ತಿಂಗಳುಗಳಲ್ಲಿ ಅದು ಬಾಡಿಗೆಗೆ ಅವಳ ಪಾಲು. ಹಾರಿದ ಹೆಂಚು ಹೊದಿಸುವವಳು ಅವಳು, ಬೂಸಲು ಕೆರೆದು ಸುಣ್ಣ ಬಳಿಯುವವಳು ಅವಳು. ನವೆಂಬರ್ ಬಂದು ಗಾಳಿ ತಂಪಾಯಿತೋ, ಉತ್ತರದ ಹಿಮ ತಾಳಲಾರದ ಕೆನಡಾದವರು ಬಂದಿಳಿದು ಮೇ ತಿಂಗಳವರೆಗೆ ಅಲ್ಲೇ ನೆಲೆಸುತ್ತಾರೆ. ಆಗ ಕಡಲ ದಂಡೆಯ ಪುಂತಾ ಗರ್ಸಾದ ಅರ್ಧ ಊರು ಚಾಪೆ ಸುತ್ತಿಕೊಂಡು ಹಳ್ಳದ ದಂಡೆಗೆ ಹೊರಡುತ್ತದೆ. ಬೆಳಗಾದರೆ ಪೊರಕೆ ಹಿಡಿದು ಅದೇ ಮನೆಗಳಿಗೆ ಮರಳಿ, ತಾನು ಮಲಗುತ್ತಿದ್ದ ಮಂಚದ ಮೇಲೆ ಇನ್ನೊಬ್ಬರಿಗೆ ಹಾಸಿಗೆ ಹಾಸುತ್ತದೆ. ಇದನ್ನು ಅನ್ಯಾಯ ಅಂತ ಯಾರೂ ಕರೆಯುವುದಿಲ್ಲ. ಸೀಸನ್ ಅನ್ನುತ್ತಾರೆ, ಅಷ್ಟೆ.

ಈ ಚಳಿಗಾಲಕ್ಕೆ ಬಂದಿದ್ದ ಶೆರಿಲಮ್ಮ ಕೆಟ್ಟವಳಲ್ಲ. ಒಬ್ದುಲಿಯಾಳ ಕಣ್ಣು ಕೆಂಪಾಗಿರುವುದನ್ನು ಕಂಡು, ಇವಳಿಗೇನಾಗಿದೆ ಎಂದು ಎವೆರಾರ್ದೊನನ್ನು ತನ್ನ ಭಾಷೆಯಲ್ಲಿ ವಿಚಾರಿಸಿದಳು. ಅವನು ನಗುನಗುತ್ತ ಏನೋ ಹೇಳಿದ. ಶೆರಿಲಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡು, ಒಬ್ದುಲಿಯಾಳನ್ನು ಬಾಚಿ ತಬ್ಬಿ, ಅಗಲ ಅಂಚಿನ ಒಂದು ಹಳೇ ಬಿಸಿಲು ಟೋಪಿ ಕೊಟ್ಟು ಹೋದಳು.

ಒಬ್ದುಲಿಯಾ ತೋಟದ ಮುದುಕ ರುತಿಲಿಯೊನತ್ತ ತಿರುಗಿದಳು. ಅವನಿಗೆ ಉತ್ತರದ ಭಾಷೆ ಒಂಚೂರು ಬರುತ್ತಿತ್ತು. “ಏನಂದ್ನಣ್ಣ ಅವ್ನು?”

“ಅಜ್ಜಿ ಆದ್ನಲ್ಲಾ ಅಂತ ಖುಸಿಗೆ ಅಳ್ತಾವಳೆ ಅಂದ. ಬಾಣಂತೀರ್ನ ಕಡ್ಲು ಮಗ್ಗುಲಲ್ಲಿ ಮಲಗ್ಸಾದು ನಮ್ಮೋರ್ ಸಂಪ್ರದಾಯವಂತೆ ಕಣವ್ವ.” ರುತಿಲಿಯೊ ಕ್ಯಾಕರಿಸಿ ಉಗಿದ. “ಬೇವರ್ಸಿ ನನ್ಮಗ.”

ಕ್ರಿಸ್ಮಸ್ಸಿಗೆ ಮುಂಚಿನ ಸಂಜೆಗಳಲ್ಲಿ ಅಲ್ಲಿ ಪೊಸಾದಾ ನಡೆಯುತ್ತದೆ. ಬಸುರಿ ಮರಿಯಾ ತಾಯಿ ಗಂಡನ ಜೊತೆ ತಂಗಲು ಜಾಗ ಹುಡುಕಿಕೊಂಡು ಅಲೆದ ನೆನಪಿಗೆ, ಒಂದು ಗುಂಪು ಅವರಿಬ್ಬರ ಮೂರ್ತಿ ಹೊತ್ತು, ಮೇಣದಬತ್ತಿ ಹಿಡಿದು ಬಾಗಿಲಿಗೆ ಬಂದು ಹಾಡಿನಲ್ಲಿ ಜಾಗ ಕೇಳುತ್ತದೆ. ಒಳಗಿನ ಗುಂಪು ಹಾಡಿನಲ್ಲೇ ಇಲ್ಲ ಅನ್ನುತ್ತದೆ, ಕಳ್ಳರಿರಬಹುದು, ಮುಂದೆ ನಡೆಯಿರಿ ಎಂದು ಗದರುತ್ತದೆ. ಮೂರು ಸಲ ಹೀಗಾದ ಮೇಲೆ ಬಾಗಿಲು ತೆರೆದು ಎಲ್ಲರನ್ನೂ ಕರೆದು ಬಿಸಿ ಹಣ್ಣಿನ ಪಾನಕ ಕೊಡಬೇಕು.

ಶೆರಿಲಮ್ಮನಿಗೆ ಈ ಸಲ ತಾನೇ ಮೂರ್ತಿ ಹೊರಬೇಕು ಅನ್ನಿಸಿತು. ಅವಳಿಗೆ ಅನ್ನಿಸಿತು ಅಂದಮೇಲೆ ಮುಗಿಯಿತಲ್ಲ. ದಡದ ಮನೆಗಳಲ್ಲಿದ್ದ ಪರದೇಶದವರೆಲ್ಲ ಹೊರಗಿನ ಗುಂಪಾದರು. ಅವರಿಗೆ ಹಾಡು ಹೇಳಿಕೊಡಲು ಎವೆರಾರ್ದೊ ತಾನೇ ಮುಂದಾಳಾದ. ಒಳಗೆ ನಿಂತು ಇಲ್ಲ ಅನ್ನುವುದಕ್ಕೂ ಜನ ಬೇಕಲ್ಲ. ಒಬ್ದುಲಿಯಾ, ರುತಿಲಿಯೊ, ಅಡುಗೆಯ ತೊಮಾಸಾ ಈ ಮೂವರಿಗೆ ಅವನು ಅಪ್ಪಣೆ ಕೊಟ್ಟ.

“ಮೂರ್ ಸಲ ಇಲ್ಲ ಅನ್ನಿ, ಆಮ್ಯಾಕೆ ಅಗುಳಿ ತೆಗೀರಿ. ತಪ್ಪಿಲ್ದಂಗೆ ಬತ್ತದಾ?”

“ಹುಟ್ಟಿದಾಗಿಂದ ನಿಮ್ಮೋರ್ ಬಾಯಲ್ಲಿ ಕೇಳಿವ್ನಿ ಯಜಮಾನ್ರೆ,” ಅಂದ ರುತಿಲಿಯೊ. “ತಪ್ಪಕಿಲ್ಲ.”

ಪೊಸಾದಾದ ದಿನ ಮಧ್ಯಾಹ್ನ ಗಾಳಿಗೆ ಟಾರ್ಪಾಲು ಕಿತ್ತುಕೊಂಡು ಹೋಯಿತು. ಒಬ್ದುಲಿಯಾ ಓಡಿ ಹೋಗಿ ನೋಡುತ್ತಾಳೆ, ನೊಯೆಮಿ ಒದ್ದೆ ಚಾಪೆಯ ಮೇಲೆ ಕೂಸನ್ನು ಮೊಲೆಗೆ ಒತ್ತಿಕೊಂಡು ಗಡಗಡ ನಡುಗುತ್ತಿದ್ದಾಳೆ. ಕೂಸು ಹಾಲು ಹಿಡಿಯುತ್ತಿಲ್ಲ. ಅದರ ತುಟಿ ನೀಲಿಗಟ್ಟಿತ್ತು. ಅಕ್ಕಪಕ್ಕದ ಟಾರ್ಪಾಲಿನವರೆಲ್ಲ ತಮ್ಮ ತಮ್ಮ ಮರೆ ಹಿಡಿದುಕೊಳ್ಳುವುದರಲ್ಲಿದ್ದರು, ಯಾರನ್ನು ಕೇಳುವುದು?

ಹೊತ್ತು ಮುಳುಗುವಾಗ ಗುಂಪು ಬತ್ತಿ ಹಚ್ಚಿಕೊಳ್ಳಲು ದಡದ ಆ ಕೊನೆಗೆ ಹೋಯಿತು. ಮನೆ ಖಾಲಿ. ಒಬ್ದುಲಿಯಾ ಹಿಂದಿನ ಓಣಿಯಿಂದ ಮಗಳನ್ನು ತೋಳಲ್ಲಿ ಆನಿಸಿಕೊಂಡು ಅಡುಗೆಮನೆಗೆ ತಂದಳು. ತೊಮಾಸಾ ಗಾಬರಿಬಿದ್ದು, ನಮ್ಮೆಲ್ಲರ ಅನ್ನಕ್ಕೆ ಕಲ್ಲು ಹಾಕುತ್ತೀಯಾ ಎಂದು ಗೊಣಗಿದಳು. ಗೊಣಗುತ್ತಲೇ ಒಲೆಯ ಮೇಲಿನ ದಾಲ್ಚಿನ್ನಿ ನೀರು ಬಗ್ಗಿಸಿ ನೊಯೆಮಿಗೆ ಕುಡಿಸಿದಳು. ಪಾನಕ ಕಾಯುವಷ್ಟು ಹೊತ್ತು ಒಲೆಯ ಹತ್ತಿರ ಕೂರಿಸಿ ಕಳಿಸಿಬಿಡೋಣ ಎಂದು ಒಬ್ದುಲಿಯಾ ಎಣಿಸಿದ್ದಳು. ಆದರೆ ನೊಯೆಮಿಗೆ ಕೂರಲೂ ಆಗಲಿಲ್ಲ, ಹಾಗೇ ಪಕ್ಕಕ್ಕೆ ವಾಲಿದಳು. ಅವಳನ್ನು ಎತ್ತಿಕೊಂಡು ಹೋಗಿ ಶೆರಿಲಮ್ಮನ ಮಂಚದ ಮೇಲೆ ಮಲಗಿಸಿ, ಎರಡು ಕಂಬಳಿ ಹೊದಿಸಿ, ತಲೆಗೆ ಬಟ್ಟೆ ಕಟ್ಟಿ, ಕಿಟಕಿ ಮುಚ್ಚಿದರು. ಸ್ವಲ್ಪ ಹೊತ್ತಿಗೆ ಕೂಸು ಚೀಪತೊಡಗಿತು.

ಅಷ್ಟರಲ್ಲಿ ಹೊರಗೆ ಹಾಡು ಬಂತು.

ತಪ್ಪು ತಪ್ಪು ರಾಗದಲ್ಲಿ ಪರದೇಶದವರು ಜಾಗ ಕೇಳಿದರು. ಒಳಗಿನ ಮೂವರು ಇಲ್ಲ ಅಂದರು. ಇನ್ನೊಮ್ಮೆ ಕೇಳಿದರು, ಹೆಂಡತಿ ದಣಿದಿದ್ದಾಳೆ ಅಂದರು. ಒಳಗಿನವರು ಮುಂದೆ ಹೋಗಿ ಅಂದರು. ಮೂರನೆಯ ಸಲವೂ ಆಯಿತು. ರುತಿಲಿಯೊ ಅಗುಳಿಗೆ ಕೈಯಿಟ್ಟು ಒಬ್ದುಲಿಯಾಳ ಮುಖ ನೋಡಿದ.

“ಬ್ಯಾಡ,” ಅಂದಳು ಅವಳು.

ಅಂದವಳೇ ಇಲ್ಲ ಅನ್ನುವ ಸಾಲನ್ನು ಮತ್ತೆ ಎತ್ತಿಕೊಂಡಳು, ಈ ಸಲ ಇನ್ನೂ ಗಟ್ಟಿಯಾಗಿ. ಹೊರಗೆ ಚಪ್ಪಾಳೆ ಬಿತ್ತು, ನಗೆ ಕೇಳಿಸಿತು. ಸಂಪ್ರದಾಯ ಇರಬೇಕೆಂದು ಅವರೂ ಮತ್ತೆ ಹಾಡಿದರು. ಎವೆರಾರ್ದೊ ಬಾಗಿಲು ತೆರೆಯುವ ಸಾಲನ್ನು ತಾನೇ ಶುರು ಮಾಡಿ ಎಳೆದು ಎಳೆದು ನೆನಪಿಸಿದ. ಒಳಗಿನಿಂದ ಬಂದದ್ದು ಮತ್ತೆ ಇಲ್ಲ. ಆಮೇಲೆ ಅವನ ಬಾಯಿ ಬಾಗಿಲಿನ ಸಂದಿಗೆ ಬಂತು.

“ಲೇ, ತೆಗಿಯೇ. ಸಾಕು ತಮಾಸೆ.”

“ಜಾಗ ಇಲ್ಲ. ಒಳಗೆ ಬಾಣಂತಿ ಅವಳೆ.”

ಅವನು ದನಿ ತಗ್ಗಿಸಿದ. “ಯಾರ್ ಮಂಚದ್ಮೇಲೆ ಮಲಗ್ಸಿದ್ದೀಯೆ, ಮುಂಡೆ? ಒದ್ದು ಈಚಿಗ್ ಎಳೀತೀನಿ. ನಾಳಿಂದ ಈ ಊರಲ್ಲಿ ನಿನ್ ಕೈಗೆ ಯಾವನು ಪೊರ್ಕೆ ಕೊಟ್ಟಾನು, ನೋಡ್ತೀನಿ.”

“ನೋಡು,” ಅಂದಳು ಒಬ್ದುಲಿಯಾ. ಅವನನ್ನು ನೀನು ಅಂದದ್ದು ಅದೇ ಮೊದಲು. “ನಿನ್ ಸೂರಿನ್ ಮ್ಯಾಲ್ ಹತ್ತಿ ಹೆಂಚು ಹೊದ್ಸಿರೋ ಕಾಲು ಇವು. ಎಳಿ, ಎಳ್ದೇ ನೋಡು. ಬಾಯ್ ಎತ್ತರ್ಸಿ ಬಯ್ಯಿ, ನಿನ್ನ ಸಾಹೇಬ್ರೂ ಕೇಳ್ಲಿ.”

ಅವನು ಬಾಯಿ ಎತ್ತರಿಸಲಿಲ್ಲ. ಪರದೇಶದವರೆಲ್ಲ ಫೋನು ಎತ್ತಿ ಹಿಡಿದು ಚಿತ್ರ ತೆಗೆಯುತ್ತಿದ್ದರು, ಅವರ ಎದುರಿಗೆ ಅವನು ನಗುತ್ತಲೇ ಇರಬೇಕಾಗಿತ್ತು. ನಗುತ್ತಲೇ ಪಕ್ಕಕ್ಕೆ ಸರಿದು ಪೊಲೀಸರಿಗೆ ಫೋನು ಮಾಡಿದ. ಅದು ಒಳಗೆ ಮೂವರಿಗೂ ಕೇಳಿಸಿತು. ರುತಿಲಿಯೊ ಹೋಗಿ ಹಿಂಬಾಗಿಲ ಚಿಲಕ ಹಾಕಿ, ಅಕ್ಕಿ ಡಬ್ಬ ಎಳೆದು ಅಡ್ಡ ಇಟ್ಟು ಬಂದ. ತೊಮಾಸಾ, ನನ್ನ ಮಕ್ಕಳ ಗತಿ ಏನು ಎಂದು ಅತ್ತಳು. ಹೋಗುವುದಾದರೆ ಕಿಟಕಿಯಿಂದ ಇಳಿಸುತ್ತೇನೆ ಎಂದು ಒಬ್ದುಲಿಯಾ ಅಂದಾಗ, ಹೋಗಲಿಲ್ಲ.

ಹೊರಗೆ ಹಾಡು ನಿಂತುಹೋಗಿತ್ತು. ಬಾಗಿಲ ಮೇಲೆ ಮೆಲ್ಲಗೆ ಬೆರಳು ತಟ್ಟಿದ ಸದ್ದಾಯಿತು. ಶೆರಿಲಮ್ಮ ತನಗೆ ಬರುವ ನಾಲ್ಕು ಮಾತುಗಳನ್ನು ಹೆಕ್ಕಿ ಹೆಕ್ಕಿ ಜೋಡಿಸಿದಳು.

“ಒಬ್ದುಲಿಯಾ, ತುಂಬಾ ಚಂದ. ನನ್ನ ಕಾಲು ನೋವು. ಇನ್ನೂ ಎಷ್ಟು ಹೊತ್ತು ಹೊರಗೆ?”

“ಮೇ ತಿಂಗ್ಳು ಬರಗಂಟ ಕಣಮ್ಮ,” ಅಂದಳು ಒಬ್ದುಲಿಯಾ.

ದಡದ ರಸ್ತೆಯಲ್ಲಿ ಪೊಲೀಸರ ಗಾಡಿ ತಿರುಗಿದ ಸದ್ದು ಕೇಳಿಸಿತು. ತೊಮಾಸಾ ಸೆರಗಿನಂಥ ಶಾಲಿನಿಂದ ಮೂಗು ಒರೆಸಿಕೊಂಡು, ಯಾರೂ ಹೇಳದೆಯೇ, ಇಲ್ಲ ಅನ್ನುವ ಸಾಲನ್ನು ಮೊದಲಿನಿಂದ ಎತ್ತಿಕೊಂಡಳು.