ದಾರಿಯಲ್ಲಿ ನಿಂತ ಹಾಡು

ಅಲಾಸ್ಕದ ನಿರ್ಜನ ಕೊಲ್ಲಿಯಲ್ಲಿ ದೋಣಿ ಕಟ್ಟಿ, ವರ್ನಾ ಕಾಡಿನೊಳಗಿನ ಬಿಸಿನೀರಿನ ಬುಗ್ಗೆಗೆ ಇಳಿದಿದ್ದಳು. ಮರೆತುಬಂದ ಒಣಮೀನಿನ ಗಂಟನ್ನು ದೋಣಿಯಿಂದ ತರುತ್ತಿದ್ದ ಗಂಡ ಡೆಲ್ಬರ್ಟ್, ಗಂಟಲು ಹರಿಯುವಂತೆ ಹಾಡುತ್ತಿದ್ದ. ಆ ದಾರಿಯಲ್ಲಿ ಸದ್ದಿಲ್ಲದೆ ನಡೆದು ಕರಡಿಯನ್ನು ಬೆಚ್ಚಿಬೀಳಿಸುವ ಹುಚ್ಚುತನವನ್ನು ಅವರ ಕಡೆ ಯಾರೂ ಮಾಡುವುದಿಲ್ಲ.

“ಸಾಕು ಮಾಡೋ ಮಾರಾಯಾ! ಕಿವಿ ತೂತಾಗ್ತಿದೆ!” ಎಂದು ವರ್ನಾ ಕೂಗಿದಳು.

“ಸರಿ ಕಣೇ, ಇನ್ನು ಬಾಯೇ ಬಿಡಲ್ಲ!”

ಹಾಡು ನಿಂತಿತು. ನಗುತ್ತಿದ್ದವಳು ಸ್ವಲ್ಪ ಹೊತ್ತಿಗೇ ಕಿವಿಗೊಟ್ಟಳು. ಹೆಜ್ಜೆ ಸಪ್ಪಳವೂ ಇಲ್ಲ. ಕುತ್ತಿಗೆವರೆಗಿನ ಬಿಸಿನೀರಿನಿಂದ ಎದ್ದು ದಾರಿಯತ್ತ ತಿರುಗಿದಳು.

“ಡೆಲ್, ತಪ್ಪಾಯ್ತು ಕಣೋ. ಹಾಡೋ!”

ಎರಡನೆಯ ಸಾಲನ್ನು ಅವನು ಎತ್ತಿಕೊಳ್ಳಲೆಂದು, ಅವನ ಹಾಡಿನ ಮೊದಲ ಸಾಲನ್ನು ತಾನೇ ಕಿರುಚಿದಳು.

ತಿರುವಿನಲ್ಲಿ ಪೊದೆ ಅಲುಗಿತು. ಒಣಮೀನಿನ ವಾಸನೆಯ ಜೊತೆಗೆ ಭಾರವಾದ ಉಸಿರೊಂದು ಬುಸ್ಸೆಂದು ಅವಳಿಗೆ ಉತ್ತರ ಕೊಟ್ಟಿತು.