ಹೋದ ವಾರದ ಪಾಠ

ಚರ್ಚಿನಲ್ಲಿ ಬೈಬಲ್ ವಾಕ್ಯ ಓದುವ ಬಡಗಿಯು ಭಾನುವಾರದ ಪಾಠವನ್ನು ವಾರವಿಡೀ ಮನೆಯಲ್ಲಿ ಗಟ್ಟಿಯಾಗಿ ಓದಿ ಹದಗೊಳಿಸುತ್ತಿದ್ದನು. ಹೀಗಾಗಿ, ಮುನಿದ ಸಹೋದರನೊಡನೆ ಸಮಾಧಾನವಾಗಬೇಕೆಂಬ ಆ ವಾರದ ಬೋಧೆ ಸಭೆಯವರಿಗಿಂತ ಮೊದಲೇ ಅವನ ಹೆಂಡತಿಗೆ ಬಾಯಿಪಾಠವಾಗಿತ್ತು. ಪಕ್ಕದ ಬೀದಿಯ ತಮ್ಮನೊಡನೆ ಅವನು ಮಾತು ಬಿಟ್ಟು ವರ್ಷಗಳಾಗಿದ್ದವು. ಈಗ ಆ ತಮ್ಮ ಹಾಸಿಗೆ ಹಿಡಿದಿದ್ದನು.

ಭಾನುವಾರ ಎಲ್ಲರೂ ಬಡಗಿಯ ಕಂಠವನ್ನು ಹೊಗಳಿದರು. ಸೋಮವಾರ ಅವನು ಮುಂದಿನ ಪಾಠ ತೆರೆದಾಗ ಹೆಂಡತಿ ಪುಸ್ತಕ ಕಿತ್ತುಕೊಂಡಳು.

“ಹೋದ ವಾರದ್ದೇ ಇನ್ನೂ ಮುಗಿದಿಲ್ಲ. ನಿಮ್ಮ ತಮ್ಮನ್ನ ನೋಡ್ಕೊಂಡು ಬನ್ನಿ.”

“ಓದೋದು ನನ್ನ ಕೆಲಸ ಕಣೇ. ಕೇಳೋದು ಸಭೆಯವರ ಕೆಲಸ.”

“ಹಾಗಾದ್ರೆ ನಿಮಗೆ ಕಿವಿ ಯಾಕಿದೆ, ಪೆನ್ಸಿಲ್ ಸಿಗಿಸೋಕಾ?”

ಅವನು ಗೊಣಗುತ್ತ ಹೊರಟನು. ಅವಳು ನೆಮ್ಮದಿಯ ಉಸಿರು ಬಿಡುವಷ್ಟರಲ್ಲಿ, ಅಂಗಳದ ಗೇಟು ದಾಟದೆ ಅಲ್ಲೇ ನಿಂತ ಅವನ ಅದೇ ಇಂಪಾದ ಕಂಠ ಕೇಳಿಸಿತು. ವರ್ಷವರ್ಷವೂ ಓದಿದ್ದ ಮುಂದಿನ ವಾರದ ಪಾಠ ಅವನಿಗೆ ಪುಸ್ತಕವಿಲ್ಲದೆಯೂ ಬರುತ್ತಿತ್ತು.